ಮೂರನೇ ಗಾದಿ

ನಸಕಿನ ನಾಕಕ್ಕ ಏಳತೀನಿ ನಾನು,
ಐದರ ಗಂಟಿಗಿಂತ ಮೊದಲ.
ಹಿಟ್ಟ ನಾದಾಕಲ್ಲ,
ಕಿಡಕಿ ಬಾಜೂಕಿನ ಮೂರನೇ ಗಾದಿ ಮುಟ್ಟಿ ನೋಡಾಕ.

ಸ್ಟೇಷನ್ ರೋಡಿನ ಕೋಚಿಂಗ್ ಹಾಸ್ಟೆಲ್ ಇದು.
ಬಾಗಲಾ ಮ್ಯಾಲ ಫಳಿ: ಸೈನಿಕ, ನವೋದಯ, ಕಿತ್ತೂರ.
ಹ್ವಾದ ವರ್ಷ ಪಾಸಾದವರ ಮಾರಿ
ಸಣ್ಣ ಸಣ್ಣ ಚೌಕದಾಗ; ಒಬ್ಬರೂ ನಕ್ಕಿಲ್ಲ.
ಒಳಗ ನಲವತ್ತೆರಡು ಹುಡುಗೂರು, ಹತ್ತು ವರ್ಷದವು,
ನಿದ್ದಿಗಣ್ಣಾಗ ಶೇಕಡಾ ಲೆಕ್ಕ ಬಡಬಡಸತಾವು.

ಅಮೋಘಸಿದ್ಧ, ತಿಕೋಟಾ ಕಡಿಯಾಂವ.
ಅವ್ವ ಅಪ್ಪ ಇಬ್ಬರೂ ಮಣೂಕದ ಶೆಡ್ಡಿನ್ಯಾಗ.
ಬಂದ ಎಂಟ ದಿನಕ್ಕ ಗಾದಿ ತೊಯ್ತು.
ಗ್ವಾಡಿಗೆ ಬೆನ್ನ ಹಚ್ಚಿ ನಿಂತಿದ್ದ,
ಚಡ್ಡಿ ಮುಂದ ಗಣಿತದ ಪುಸ್ತಕ ಹಿಡಕೊಂಡು.

ಜ್ವಾಳದ ಡಬ್ಬಿ ಹಿಂದ ಎರಡ ಚಡ್ಡಿ ಮುಚ್ಚಿಟ್ಟೆ.
ಕೇಳಿದವರಿಗೆ, 'ಮ್ಯಾಲಿನ ಟಾಕಿ ಸೋರತದ' ಅಂದೆ.
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಒಗದೆ,
ಘಾಟ ಎದ್ದು ನಾಕೂ ಖೋಲಿ ಕೆಮ್ಮಿದವು.
ದೃಷ್ಟಿ ಅಲ್ಲ.

ಕುಮಟಗಿ ಸರ್ ನನ್ನ ಮಾತ ನಂಬಿದರು, ಪಾಪ.
ಪ್ಲಂಬರನ್ನ ಕರಸಿದರು. ಅಂವ ಏಣಿ ಏರಿ
ಟಾಕಿ ಬಡದು ಬಡದು ನೋಡಿ
ಓಣಿಗೆಲ್ಲಾ ಕೇಳೂ ಹಂಗ ಒದರಿದ:
'ಒಂದ ಹನಿ ಸೋರೂದಿಲ್ರೀ ಇದು!'
ಎಲ್ಲಾ ತಲಿ ನನ್ನ ಕಡೆ ತಿರುಗಿದವು.
ಆಗ ಅಂದ ನೋಡ್ರಿ, ಮಗ್ಗಿ ಒಪ್ಪಿಸೂ ದನಿಯಾಗ:
'ಟಾಕಿ ಅಲ್ರಿ ಸರ್. ನಾನ.'

ಇಬ್ಬರು ನಕ್ಕರು.
ಭಾಳ ನಕ್ಕಾಂವ ಅದ ರಾತ್ರಿ ಅಡಗಿಮನಿಗೆ ಬಂದು
'ಮಾಲನಬಿ, ಅಂಥಾ ಚಡ್ಡಿ ಇನ್ನೊಂದ ಅದ ಏನು?' ಅಂದ.
ಅವನ ಹೆಸರು ನಾ ಹೇಳೂದಿಲ್ಲ.

ಅಪ್ಪ ಬಂದ. ಬಂದಾಂವನ ಕೈ ಎತ್ತಿದ,
ಗಂಧಕದ ವಾಸನಿ ಆ ಕೈಗೆ.
ನಡುವ ಹ್ವಾದೆ. ಅರ್ಧ ನನಗ ಬಿತ್ತು.

ಜಿಲ್ಲಾ ದವಾಖಾನಿ, ಇಪ್ಪತ್ತೊಂದನೇ ಖೋಲಿ.
'ನನ್ನ ಮಗ ಹುಚ್ಚ ಏನು?' ಅಂತ ಅಪ್ಪ
ಹೊರಗ ಬೇವಿನ ಬುಡಕ್ಕ ಕುಂತ. ಒಳಗ ನಾನು, ಸರ್.
ಶಕುಂತಲಾ ಮೇಡಂ ಗಾದಿ ಸುದ್ದಿ ತಗೀಲಿಲ್ಲ.
'ಮನ್ಯಾಗ ಯಾರ ಬಾಜೂಕ ಮಲಗತಿದ್ದಿ?' ಅಂದರು.
'ಆಯಿ ಬಾಜೂಕ. ಆಯಿ ಹೊಟ್ಟಿ ಮ್ಯಾಲ ಕಾಲ ಹಾಕಿ.'
ಮೂರ ತಿಂಗಳದಾಗ ಅಂವ ಆಡಿದ ಉದ್ದ ಮಾತ ಅದು.
ಕುಮಟಗಿ ಸರ್ ಪೆನ್ನ ತಗದರು, ಏನೂ ಬರೀಲಾರದ
ಮತ್ತ ಕಿಸೆದಾಗ ಇಟ್ಟರು.

ಆಮ್ಯಾಲ ಮೇಡಂ ತಾವ ಬೇವಿನ ಬುಡಕ್ಕ ಹ್ವಾದರು.
ಮಣೂಕದ ಲೆಕ್ಕ ಕೇಳಿದರಂತ:
'ಲಗೂ ಆಗಲಿ ಅಂತ ಸುಡು ಬಿಸಲಿಗೆ ಇಟ್ಟರ?'
'ಕರ್ರಗ ಆಗತಾವ್ರಿ. ನೆರಳ ಬೇಕು,' ಅಂದನಂತ,
ಮುಂದ ಭಾಳೊತ್ತು ಸುಮ್ಮ ಇದ್ದನಂತ.

ಈಗ ರಾತ್ರಿ ಎಂಟಕ್ಕ ಫೋನ. ಮಾರ್ಕ್ಸ್ ಕೇಳಬಾರದು ಅಂತ ಠರಾವು.
ಬ್ಯಾರೆ ಏನ ಕೇಳಬೇಕು ಅಪ್ಪಗ ತಿಳಿಯೂದಿಲ್ಲ,
'ಉಂಡಿ?' ಅಂತಾನ, ಮೂರ ಮೂರ ಸಲ.
ಆಯಿ ಹಳೇ ಸೀರಿ ಕಳಸ್ಯಾಳ, ಕಾಲಿಗೆ ಸುತಗೊಂಡ ಮಲಗತಾನ.
ಒಂದ ಗಂಟೆಕ್ಕ ವಾಚಮನ್ ದುಂಡಪ್ಪ ಎಬ್ಬಸತಾನ,
ಬ್ಯಾಟರಿ ನೆಲಕ್ಕ ಹಿಡದು, ಮಾರಿಗಲ್ಲ.
ನಾ ಸುಳ್ಳ ಬಿಟ್ಟೀನಿ.
'ತೊಯ್ದದ, ಏಳು, ಬದಲ ಮಾಡೂಣು.' ಅಷ್ಟ.

ಆರಾಮ ಆತೇನು ಅಂತ ಕೇಳಬ್ಯಾಡ್ರಿ.
ವಾರದಾಗ ಒಂದೋ ಎರಡೋ ಈಗೂ ಅದ.
ಪರೀಕ್ಷಾ ಜನವರಿಗೆ. ಬರೀತಾನೋ, ಊರಿಗೆ ಹೋಗತಾನೋ,
ಅವನ್ನ ಕೇಳಿ ಮಾಡ್ರಿ ಅಂದಾರ ಮೇಡಂ.
ಸರ್ ಇನ್ನೂ ತಲಿ ಕೆರಕೊಳ್ಳಾಕತ್ತಾರ:
ಹತ್ತು ವರ್ಷದ ಹುಡುಗನ್ನ ಕೇಳೂದಾ?

ಇವತ್ತ ಗಾದಿ ಹೊತಗೊಂಡು ಮಾಳಿಗಿ ಏರಿದೆ.
ಆ ಕಡಿ ತುದಿ ಅಂವ ಹಿಡದಿದ್ದ.
ಕಟ್ಟಿಗೆ ಆನಿಸಿ, ಬಿಸಲಿಗೆ ನಿಲ್ಲಿಸಿದಿವಿ.
'ಗುಮ್ಮಟ ಮುಚ್ಚಿ ಹೋತು,' ಅಂದ.
'ಹೋಗಲಿ ಬಿಡು, ಅದೇನ ಓಡಿ ಹೋಗತದ?'
ಅಂವ ಗಾದಿ ಅಂಚಿಗೆ ಗಲ್ಲ ಹಚ್ಚಿ
ಆ ಕಡೆ ಇಣಕಿ ನೋಡಿದ.